ಕಾರ್ತಿಕದಲ್ಲಿ ನಿಂತ ಹೊಲಿಗೆ

ಹಾಲಸಿದ್ದಪ್ಪನಿಗೆ ಸಿಟ್ಟು ಬಂದರೆ ಮದರಾಸ್ ಸೆಂಟ್ರಲ್‌ನಲ್ಲಿ ನಿಂತಿದ್ದ ಹನ್ನೊಂದು ರೈಲುಗಳು, ಇಂಜಿನ್ ಇಲ್ಲದೆ, ಡ್ರೈವರ್ ಇಲ್ಲದೆ, ತಾವಾಗಿಯೇ ಬೇಸಿನ್ ಬ್ರಿಡ್ಜ್ ತನಕ ಹಿಂದಕ್ಕೆ ಸರಿದು ನಿಲ್ಲುತ್ತಿದ್ದವು. ಕಣ್ಣಾರೆ ಕಂಡವರು ನಾಲ್ಕು ಸಾವಿರ ಮಂದಿ. ಅವರಲ್ಲಿ ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಮಂದಿ ಹೆದರಿ ಊರು ಬಿಟ್ಟರು. ಉಳಿದ ಒಬ್ಬನೇ ಸಾಕ್ಷಿ ಹಾಲಸಿದ್ದಪ್ಪ. ಒಮ್ಮೆ ಪಾರ್ಸೆಲ್ ಆಫೀಸಿನಲ್ಲಿ ಯಾರೋ ಅವನ ಚಹಾಕ್ಕೆ ಸಕ್ಕರೆ ಹಾಕಲು ಮರೆತಾಗ ಅವನು "ಏಯ್" ಅಂದದ್ದು ಅರಕ್ಕೋಣಕ್ಕೆ ಕೇಳಿಸಿ, ಅಲ್ಲಿನ ಸ್ಟೇಷನ್ ಮಾಸ್ತರ್ ಊಟದ ಎಲೆಯಿಂದ ಎದ್ದು ನಿಂತು "ಯೆಸ್ ಸಾರ್" ಅಂದನಂತೆ. ನಂಬುವವರು ನಂಬಲಿ. ನಂಬದವರ ಮೇಲೆ ಅವನಿಗೆ ಸಿಟ್ಟು ಬರುತ್ತಿತ್ತು, ಅಷ್ಟೆ.

ಊರು ರಾಣೆಬೆನ್ನೂರು. ಬಂದು ಸೇರಿದ್ದು ಮದರಾಸು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತೊಂಬತ್ತು ವರ್ಷದ ಹೆಡ್‌ಕ್ಲರ್ಕಿಕೆ. ಅವನ ಲೆಕ್ಕದಲ್ಲಿ ಅದು ದಕ್ಷಿಣ ರೈಲ್ವೆಯನ್ನು ಒಂಟಿ ಕೈಯಲ್ಲಿ ಎತ್ತಿ ಹಿಡಿದ ಇಪ್ಪತ್ತೊಂಬತ್ತು ವರ್ಷ. ಮೈಲಾಪೂರಿನ ಒಂದು ಓಣಿಯಲ್ಲಿ ಮಹಡಿ ಮನೆ, ಮುಂದೆ ಎರಡು ಮೊಳ ಅಗಲದ ಬಾಲ್ಕನಿ. ಹೆಂಡತಿ ನೀಲಗಂಗಮ್ಮ. ಒಬ್ಬನೇ ಮಗ ಚಂದು, ಬ್ಯಾಂಕಿನಲ್ಲಿ ಗುಮಾಸ್ತ. ಅಪ್ಪ ಬಾಯಿ ತೆರೆದಾಗೆಲ್ಲ ಪೇಪರ್ ತೆರೆಯುವವನು. ಸೊಸೆ ಕಲಾವತಿ. ತಾಯಿ ಇಲ್ಲದ ಹುಡುಗಿ, ಆದ್ದರಿಂದ ಬಾಣಂತನ ತವರಲ್ಲಿ ಆಗಲಿಲ್ಲ, ಇಲ್ಲೇ ಆಯಿತು. ೧೯೮೦ರ ಮೇ ತಿಂಗಳು, ಒಂಬತ್ತನೇ ತಾರೀಕು, ಗಂಡುಮಗು. ತೂಕ ಆರೂವರೆ ಪೌಂಡು. ಹಾಲಸಿದ್ದಪ್ಪ ಆಫೀಸಿನಲ್ಲಿ ಹೇಳಿದ್ದು ಹದಿನಾಲ್ಕು ಪೌಂಡು. ತಕ್ಕಡಿ ಮುರಿಯಿತು ಅಂತಲೂ ಸೇರಿಸಿದ.

ಹೊಟ್ಟೆ ಕೊಯ್ದು ತೆಗೆದ ಮಗು, ಹತ್ತು ದಿನ ಆಸ್ಪತ್ರೆಯಲ್ಲೇ ಇತ್ತು; ಮೈ ಒರೆಸಿ ಬಟ್ಟೆ ಬದಲಿಸುವುದೆಲ್ಲ ದಾದಿಯರದೇ, ಅವರು ಏನೂ ಹೇಳಿರಲಿಲ್ಲ. ಹನ್ನೊಂದನೆಯ ದಿನ ಮನೆಗೆ ಬಂತು. ಮದರಾಸಿನವರು ಕತ್ತಿರಿ ಅನ್ನುವ ಮೇ ತಿಂಗಳ ಉರಿಬಿಸಿಲು; ಆ ಬಿಸಿಲಿಗೆ ಓಣಿಯ ಡಾಂಬರು ಕುದಿದು, ಒಂದು ಎಮ್ಮೆ ಮೊಣಕಾಲಿನ ತನಕ ಹೂತುಹೋಗಿ ನಾಲ್ಕು ಮಂದಿ ಹಗ್ಗ ಹಾಕಿ ಎಳೆಯಬೇಕಾಯಿತು. ನೀಲಗಂಗಮ್ಮ ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ, ಕೂಸನ್ನು ಮೊಳಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕಿದಳು. ಬಿಸಿನೀರು ಬಿದ್ದೊಡನೆ ಗಂಡುಕೂಸು ಎರೆಯುವವರ ಮುಖಕ್ಕೇ ಚಿಮ್ಮಿಸುವುದು ಲೋಕದ ಪದ್ಧತಿ. ಅವಳು ನಗುತ್ತಾ ಮುಖ ಪಕ್ಕಕ್ಕೆ ತಿರುಗಿಸಿ ಕಾದಳು. ಮುಖಕ್ಕೆ ಏನೂ ಹಾರಲಿಲ್ಲ. ಮಗುವಿನ ತೊಡೆ ಗುಂಟ ಬೆಚ್ಚಗೆ ಕೆಳಕ್ಕೆ ಇಳಿಯಿತು.

ಬಗ್ಗಿ ನೋಡಿದಳು. ಉಚ್ಚೆಯ ತೂತು ತುದಿಯಲ್ಲಿ ಇರಲಿಲ್ಲ. ಕೆಳಬದಿಯಲ್ಲಿ, ಒಂದು ಜೋಳದ ಕಾಳಿನಷ್ಟು ಹಿಂದೆ ಇತ್ತು. ಮೇಲುಗಡೆ ಚರ್ಮ ಕುಲಾವಿಯ ಹಾಗೆ ರಾಶಿ, ಕೆಳಗಡೆ ಏನೂ ಇಲ್ಲ.

"ಏನ್ರೀ, ಇಲ್ಲಿ ಬರ್ರಿ ಸ್ವಲ್ಪ!"

ಹಾಲಸಿದ್ದಪ್ಪ ಕನ್ನಡಕ ಹಾಕಿಕೊಂಡು ಬಂದ. ಕುಕ್ಕರಗಾಲಲ್ಲಿ ಕೂತು ನೋಡಿದ. ನೋಡಿ ಸುಮ್ಮನಾದ. ಆ ಮೌನ ಎಷ್ಟು ಹೊತ್ತಿನದು ಅಂದರೆ, ಅಷ್ಟರಲ್ಲಿ ಹಂಡೆಯ ನೀರು ಆರಿ, ಒಲೆ ಆರಿ, ಮದರಾಸಿನಲ್ಲಿ ಎರಡು ಸರ್ಕಾರ ಬಿದ್ದು ಮೂರನೆಯದು ಬರಬಹುದಿತ್ತು. ಆಮೇಲೆ ಎದ್ದು ನಿಂತ. ಆಮೇಲೆ ಒದರಿದ.

"ಗ್ರಹಣ!"

ಎದುರುಮನೆಯ ತೆಂಗಿನ ಮರದಿಂದ ನಲವತ್ತೆರಡು ಕಾಯಿ ಒಮ್ಮೆಲೇ ಬಿದ್ದವು. ಮಗು ಅಳಲು ಶುರುಮಾಡಿತು.

"ಗ್ರಹಣ ಹಿಡದೈತಿ ಕೂಸಿಗೆ! ಗ್ರಹಣದಾಗ ಬದನೀಕಾಯಿ ಸೀಳಿದಳಲ್ಲ ಇಕಿ, ಎಣ್ಣಿಗಾಯಿಗೆ! ಬುಡದಿಂದ ಸೀಳಿ, ತೊಟ್ಟಿನ ತನಕ ಬಂದು ಬಿಟ್ಟಳಲ್ಲ! ಹಂಗs ಆಗೇತಿ ನೋಡು, ಅರ್ಧ ಸೀಳು!"

ನೀಲಗಂಗಮ್ಮ ಮತ್ತೊಮ್ಮೆ ಬಗ್ಗಿ ನೋಡಿದಳು. ಹೋಲಿಕೆ ಸರಿಯಾಗಿತ್ತು. ಎಣ್ಣೆಗಾಯಿಗೆ ಬದನೆಕಾಯಿಯನ್ನು ಪೂರ್ತಿ ಹೋಳು ಮಾಡುವುದಿಲ್ಲ. ಸೀಳಿ, ತೊಟ್ಟಿನ ಹತ್ತಿರ ನಿಲ್ಲಿಸಿ, ಒಳಗೆ ಮಸಾಲೆ ತುಂಬುತ್ತಾರೆ. ಆ ಸೀಳು ಕಣ್ಣ ಮುಂದೆ ಬಂದದ್ದೇ ತಡ, ಮತ್ತೇನೂ ಕೇಳಬೇಕೆನಿಸಲಿಲ್ಲ ಅವಳಿಗೆ.

ಕೋಣೆಯಿಂದ ಕಲಾವತಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಹೊರಗೆ ಬಂದಳು. ಮೊದಲು ಮಗುವನ್ನು ಎತ್ತಿಕೊಂಡಳು. ಮೈ ಒರೆಸಿದಳು. ಆಮೇಲೆ ಮಾವನ ಕಡೆ ತಿರುಗಿದಳು.

"ಬದನೀಕಾಯಿ ತಂದಾವರು ಯಾರು ಮಾವಾ?"

ಹಾಲಸಿದ್ದಪ್ಪ ಬಾಲ್ಕನಿಯ ಕಡೆ ನೋಡಿದ.

ಗ್ರಹಣದ ದಿನ ಫೆಬ್ರವರಿ ಹದಿನಾರು, ಶನಿವಾರ. ಶಿವರಾತ್ರಿ ಮುಗಿದ ಅಮಾವಾಸ್ಯೆ. ಸೂರ್ಯನಿಗೆ ಗ್ರಹಣ ಅಂತ ಇಡೀ ಮೈಲಾಪೂರು ಕಿಟಕಿ ಬಾಗಿಲು ಹಾಕಿಕೊಂಡು, ಅನ್ನದ ಪಾತ್ರೆಗೆ ದರ್ಭೆ ಹಾಕಿಕೊಂಡು, ಬಸುರಿಯರನ್ನು ಕತ್ತಲ ಕೋಣೆಗೆ ಸೇರಿಸಿ ಕೂತಿತ್ತು. ಹಾಲಸಿದ್ದಪ್ಪ ಒಬ್ಬನೇ ಆವತ್ತು ಮಾರ್ಕೆಟ್ಟಿಗೆ ಹೋಗಿ ಎಳೆ ಬದನೆಕಾಯಿ ತಂದ. "ಲಿಂಗಾ ಕಟ್ಟಿದ ಮೈಗೆ ಎಲ್ಲೀ ಸೂತಕ, ಎಲ್ಲೀ ಗ್ರಹಣ! ಹೆಚ್ಚು ಎಣ್ಣಿಗಾಯಿ, ಬಡಿ ರೊಟ್ಟಿ!" ಅಂತ ಏಳು ತಿಂಗಳ ಬಸುರಿ ಸೊಸೆಗೆ ಅಪ್ಪಣೆ ಮಾಡಿದ. ಸೂರ್ಯ ಮುಕ್ಕಾಲು ಹೋದಾಗ, ತಟ್ಟೆ ಹಿಡಿದುಕೊಂಡು ಬಾಲ್ಕನಿಯಲ್ಲಿ ನಿಂತು, ಮುಚ್ಚಿದ ಕಿಟಕಿಗಳಿಗೆಲ್ಲ ಕೇಳಿಸುವ ಹಾಗೆ ಚಪ್ಪರಿಸಿ ತಿಂದ. ಎಂಟು ರೊಟ್ಟಿ. ಆಫೀಸಿನಲ್ಲಿ ಅದು ಮೂವತ್ತಾರು ರೊಟ್ಟಿಯಾಯಿತು. ಸೂರ್ಯ ಅವನನ್ನು ನೋಡಿ ನಾಚಿ ಬೇಗ ಬಿಡುಗಡೆಯಾದ ಅಂತಲೂ ಆಯಿತು.

"ತಂದಾವರು ನೀವು. ಹೆಚ್ಚು ಅಂದಾವರು ನೀವು. ನಿಂತು ತಿಂದಾವರು ನೀವು," ಅಂದಳು ಕಲಾವತಿ.

"ನಾ ಗಂಡಸು, ನಾ ಏನರ ಅಂತೀನಿ! ಬಸುರಿಗೆ ಬುದ್ಧಿ ಇರಬೇಕಾಗಿತ್ತು. ಇವತ್ತು ಆಗಂಗಿಲ್ರೀ ಮಾವಾ ಅನ್ನಬೇಕಾಗಿತ್ತು!"

"ಅಂದಿದ್ರ, ಹಿರ್ಯಾರ ಮಾತು ಮೀರಿದ್ಲು, ಅದಕ್ಕs ಹಿಂಗಾತು ಅಂತಿದ್ರಿ."

ಇಂಥ ಮಾತಿಗೆ ಹಾಲಸಿದ್ದಪ್ಪ ದನಿ ಏರಿಸುತ್ತಿದ್ದ. ಏರಿಸಿದ. ಅಯ್ಯನವರನ್ನು ಕರೆಸಿ ಹದಿಮೂರನೇ ದಿನಕ್ಕೆ ಲಿಂಗ ಕಟ್ಟಿಸಿ ಹೆಸರಿಡಬೇಕೆಂದಿದ್ದದ್ದು ರದ್ದು. ತೊಟ್ಟಿಲು ಅಟ್ಟಕ್ಕೆ. ಈ ಮನೆತನದ ಹೆಸರು ಇಂಥ ಕೂಸಿಗೆ ಇಲ್ಲ. ಆ ರಭಸದಲ್ಲೇ ಒಂದು ಇನ್‌ಲ್ಯಾಂಡ್ ಪತ್ರ ಬಿಡಿಸಿ ಬೀಗರಾದ ಮುರಿಗೆಪ್ಪನಿಗೆ ಬರೆದ: ನಿಮ್ಮ ಮಗಳ ಅವಿವೇಕದಿಂದ ನಮ್ಮ ವಂಶಕ್ಕೆ ಕುಂದು ಬಂದಿದೆ. ತಾವು ಕೂಡಲೆ ಹೊರಟು ಬಂದು ಮಗಳನ್ನೂ ಕೂಸನ್ನೂ ಕರೆದುಕೊಂಡು ಹೋಗತಕ್ಕದ್ದು. ಮುಂದಿನ ವಿಚಾರ ಆಮೇಲೆ.

ಚಂದು ಪೇಪರಿನ ಹಿಂದಿನಿಂದ "ಅಪ್ಪಾ, ಡಾಕ್ಟರಿಗೆ ಒಮ್ಮೆ..." ಅಂದ.

"ಡಾಕ್ಟರ್ ಏನ ಗ್ರಹಣಾ ಬಿಡಸ್ತಾನೇನಲೇ?"

ಪೇಪರು ಮತ್ತೆ ಮೇಲೇರಿತು.

ಕಲಾವತಿಗೆ ಆ ಪೇಪರಿನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಹೋಗಿ ಅದನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ಮಗುವಿನ ಅಡಿಗೆ ಹಾಕಿದಳು. "ನಮ್ಮಪ್ಪ ಬರ್ಲಿ," ಅಂದಳು ಮಾವನಿಗೆ. "ಆದ್ರ ಪೆಟ್ಟಿಗಿ ಕಟ್ಟೂಕಿಂತ ಮೊದಲ ಡಾಕ್ಟರಿಗೆ ತೋರಸೂದು. ಎಲ್ಲಾರೂ ಬರಬೇಕು, ನೀವೂ. ಗ್ರಹಣದಿಂದ ಆತು ಅಂತ ಡಾಕ್ಟರು ಅಂದ್ರ ನೀವು ಕಳಸೂದು ಬ್ಯಾಡ, ನಾನs ಹೊಕ್ಕೇನಿ. ಅಲ್ಲಾ ಅಂದ್ರ, ಇದs ಬಾಯಲೆ ನೀವು ನಮ್ಮಪ್ಪಗ ತಪ್ಪಾತು ಅನ್ನಬೇಕು."

"ಅಂತೀನಿ! ನೂರು ಸಲ ಅಂತೀನಿ! ಗ್ರಹಣಾ ಅನ್ನದಿದ್ರ ನನ್ನ ಮೀಸಿ ಬೋಳಸ್ತೀನಿ!" ಅಂದ ಹಾಲಸಿದ್ದಪ್ಪ. ಮೀಸೆ ಅವನಿಗೆ ಇರಲೇ ಇಲ್ಲ. ಸಿಟ್ಟಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

ಹತ್ತು ದಿನ ಮನೆಯಲ್ಲಿ ಮಾತಿಲ್ಲ. ಮಾತಿಲ್ಲ ಅಂದರೆ ಬೇರೆಯವರದು. ಹಾಲಸಿದ್ದಪ್ಪನದು ಇತ್ತು. ಹಾಲಿನವನ ಮೇಲೆ, ನಲ್ಲಿಯಲ್ಲಿ ಬಾರದ ನೀರಿನ ಮೇಲೆ, ಸೂರ್ಯನ ಮೇಲೆ. ನೀಲಗಂಗಮ್ಮ ಮಗುವಿಗೆ ಎರೆಯುವುದು ಬಿಡಲಿಲ್ಲ, ಆದರೆ ಎರೆಯುವಾಗ ಹಾಡುವುದು ಬಿಟ್ಟಳು. ಅದಕ್ಕೂ ಕಲಾವತಿಗೆ ಸಿಟ್ಟು ಬಂತು.

ಮುರಿಗೆಪ್ಪ ಒಂದು ಭಾನುವಾರ ಬೆಳಿಗ್ಗೆ ಬಂದಿಳಿದ. ರಾಣೆಬೆನ್ನೂರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು. ಕೈಯಲ್ಲಿ ಒಂದು ಚೀಲ ಜೋಳದ ಹಿಟ್ಟು, ಹೆಗಲ ಮೇಲೆ ಒಂದು ಕೆಂಪಂಚಿನ ವಸ್ತ್ರ. ಮೊಮ್ಮಗನನ್ನು ನೋಡುವ ಮೊದಲೇ ಬೀಗನ ಎದುರು ಕೈ ಮುಗಿದು ನಿಂತ. "ತಾಯಿ ಇಲ್ಲದ ಹುಡುಗಿ ಅದು. ಹೇಳಿಕೊಡಾಕ ಯಾರೂ ಇದ್ದಿದ್ದಿಲ್ಲ. ಕ್ಷಮಾ ಮಾಡಬೇಕ್ರಿ," ಅಂದ.

"ಅಪ್ಪಾ! ಕೈ ಇಳಸು!" ಅಂತ ಕಲಾವತಿ ಒಳಗಿನಿಂದಲೇ ಕೂಗಿದಳು. ಆ ದನಿಗೆ ತೆಂಗಿನಕಾಯಿ ಬೀಳಲಿಲ್ಲ. ಮುರಿಗೆಪ್ಪನ ಕೈ ಮಾತ್ರ ತಟ್ಟನೆ ಇಳಿಯಿತು.

ಅದೇ ಸಂಜೆ ಆರೂ ಜನ, ಮಗುವೂ ಸೇರಿ, ಡಾಕ್ಟರ್ ಸೀತಾ ಅವರ ಮನೆಗೆ ಹೋದರು. ಚಂದುವೇ ಬ್ಯಾಂಕಿನಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡಿದ್ದ; ಪೇಪರು ಇಲ್ಲದ ಹತ್ತು ದಿನದಲ್ಲಿ ಅವನು ಮಾಡಿದ ಒಂದೇ ಕೆಲಸ ಅದು. ಡಾಕ್ಟರ್ ಸೀತಾ ಮಕ್ಕಳ ಶಸ್ತ್ರವೈದ್ಯೆ. ಮೂರು ತಲೆಮಾರಿನಿಂದ ಮೈಲಾಪೂರಿನಲ್ಲೇ ಇದ್ದ ಉಡುಪಿ ಕಡೆಯ ಮನೆತನ. ಗುಡಿಯ ಕೆರೆಯ ಬದಿಯ ಬೀದಿಯಲ್ಲಿ, ಮನೆಯ ಮುಂಗೋಣೆಯಲ್ಲೇ ನೋಡುತ್ತಿದ್ದರು. ನಾಲ್ಕೂಮುಕ್ಕಾಲು ಅಡಿ ಎತ್ತರ. ಹಾಲಸಿದ್ದಪ್ಪನ ಕಣ್ಣಿಗೆ ಎರಡೂವರೆ ಅಡಿ.

ಮಗುವನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ಹಿಡಿದು, ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿದರು. ಎರಡು ಬೀಜವೂ ಇಳಿದಿವೆಯೇ ಅಂತ ಮುಟ್ಟಿ ನೋಡಿದರು. ಮಗು ಉಚ್ಚೆ ಹೊಯ್ಯುವ ತನಕ ಕಾದು, ಧಾರೆ ಹೇಗೆ ಬೀಳುತ್ತದೆ ಅಂತ ನೋಡಿದರು.

"ಹೈಪೋಸ್ಪೇಡಿಯಾಸ್," ಅಂದರು. "ಪಯಪ್ಪಡ ವೇಣ್ಡಾಂ. ಹೆದರಬೇಡಿ. ಮುನ್ನೂರು ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತೆ. ತಾಯಿ ಯಾರು? ನೀನೇನಮ್ಮಾ? ಯಾಕೆ ಮುಖ ಹಾಗಿದೆ?"

"ಗ್ರಹಣದಾಗ ಬದನೀಕಾಯಿ ಸೀಳಿದ್ದಕ್ಕ ಹಿಂಗಾತು ಅಂತಾರ್ರಿ ನಮ್ಮ ಮಾವ," ಅಂದಳು ಕಲಾವತಿ. "ಖರೇನೋ ಸುಳ್ಳೋ, ಇವರೆಲ್ಲಾರ ಮುಂದ ಹೇಳ್ರಿ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಸಣ್ಣ ಹೆಂಗಸಿನ ಮುಖ ಕೆಂಪಾಯಿತು. ಹಾಲಸಿದ್ದಪ್ಪ ಸಿಟ್ಟನ್ನು ಅಳೆಯುವುದರಲ್ಲಿ ಜಾಣ. ನೋಡಿದೊಡನೆ ಇದು ತನ್ನದಕ್ಕಿಂತ ಹಳೆಯ ಸಿಟ್ಟು ಅಂತ ಅವನಿಗೆ ಗೊತ್ತಾಯಿತು.

"ಹದಿನಾರು ವರ್ಷದಿಂದ ಈ ಮೇಜಿನ ಮುಂದೆ ಕೂತಿದ್ದೀನಿ. ಒಬ್ಬಳು ಪಪ್ಪಾಯಿ ತಿಂದಳಂತೆ. ಒಬ್ಬಳು ಹಾವು ನೋಡಿದಳಂತೆ. ಒಬ್ಬಳು ಕತ್ತರಿ ಹಿಡಿದಳಂತೆ. ಮಗು ಹುಟ್ಟೋಕೆ ಇಬ್ಬರು ಬೇಕು, ತಪ್ಪು ಮಾಡೋಕೆ ಮಾತ್ರ ಯಾವಾಗಲೂ ಒಬ್ಬಳೇ! ಸಾರ್, ಉಕ್ಕಾರುಂಗೋ. ಕೂತ್ಕೊಳ್ಳಿ ಅಂದೆ!"

ಹಾಲಸಿದ್ದಪ್ಪ ಕೂತ.

"ಆ ವಸ್ತ್ರ ಕೊಡಿ," ಅಂತ ಮುರಿಗೆಪ್ಪನ ಹೆಗಲಿನ ಕೆಂಪಂಚಿನ ವಸ್ತ್ರ ತೆಗೆದುಕೊಂಡು ಮೇಜಿನ ಮೇಲೆ ಉದ್ದಕ್ಕೆ ಹಾಸಿದರು. "ಹೊಟ್ಟೆಯೊಳಗೆ ಎಲ್ಲ ಮಗುವೂ ಮೊದಲು ಒಂದೇ ಥರ. ಎರಡು ತಿಂಗಳ ಪಿಂಡವನ್ನು ಹೊರಗಿಂದ ನೋಡಿ ಗಂಡೋ ಹೆಣ್ಣೋ ಅಂತ ನಾನೂ ಹೇಳಲಾರೆ. ಒಂದು ಸಣ್ಣ ಮೊಳಕೆ ಇರುತ್ತೆ. ಅದರ ಅಡಿಯಲ್ಲಿ ಒಂದು ತೆರೆದ ಕಾಲುವೆ, ಕಾಲುವೆಗೆ ಎರಡು ಅಂಚು. ಈ ವಸ್ತ್ರದ ಹಾಗೆ. ಹೆಣ್ಣಾದರೆ ಅಂಚುಗಳು ಹಾಗೇ ತೆರೆದೇ ಉಳಿಯುತ್ತವೆ. ಗಂಡಾದರೆ, ಮಗುವಿನದೇ ಬೀಜದಿಂದ ಒಂದು ರಸ ಹೊರಡುತ್ತೆ. ಅದು ಬಂದು ಅಪ್ಪಣೆ ಕೊಡುತ್ತೆ: ಕೂಡಿಕೊಳ್ಳಿ."

ಎರಡೂ ಕೆಂಪಂಚನ್ನು ಎತ್ತಿ, ಒಂದು ತುದಿಯಿಂದ ಜೋಡಿಸುತ್ತಾ ಬಂದರು.

"ಕಚೇರಿ ರೋಡಿನಲ್ಲಿ ಲುಂಗಿ ತಗೊಂಡು ಟೈಲರಿಗೆ ಕೊಡ್ತೀರಲ್ಲ, ಎರಡು ಅಂಚು ಕೂಡಿಸಿ ಹೊಲಿದು ಕೊಡು ಅಂತ? ಹಾಗೆ. ಬುಡದಿಂದ ಶುರು, ತುದಿ ಕಡೆಗೆ. ಅಂಚು ಕೂಡ್ತಾ ಬಂದ ಹಾಗೆ ಕಾಲುವೆ ಹೋಗಿ ಕೊಳವೆ. ಕೊನೇ ಚೂರು ತುದಿಯಿಂದ ಒಳಕ್ಕೆ ಕೊರೆದುಕೊಂಡು ಬಂದು ಸೇರುತ್ತೆ. ಅದೇ ಮೂತ್ರನಾಳ. ಕೆಲವರಲ್ಲಿ ಹೊಲಿಗೆ ದಾರಿಯಲ್ಲೇ ನಿಂತುಬಿಡುತ್ತೆ." ಬೆರಳು ನಿಲ್ಲಿಸಿದರು. ಮುಂದಿನ ಅಂಚುಗಳು ಎರಡೂ ಕಡೆಗೆ ಬಿದ್ದವು. "ಎಲ್ಲಿ ನಿಂತಿತೋ ಅಲ್ಲೇ ಬಾಯಿ. ಕೆಳಗಡೆ ಕೂಡಬೇಕಾಗಿದ್ದ ಚರ್ಮ ಮೇಲೇ ಉಳಿದು ಕುಲಾವಿ ಆಗುತ್ತೆ. ಸಾರ್, ಈಗ ಹೇಳಿ. ಇದರಲ್ಲಿ ಏನನ್ನ ಯಾರು ಸೀಳಿದ್ರು?"

ಹಾಲಸಿದ್ದಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

"ಏನೂ ಸೀಳಿಲ್ಲ. ಕೂಡದೆ ಉಳಿದಿದೆ. ಸೀಳೋದಕ್ಕೆ ಚಾಕು ಬೇಕು. ಕೂಡದೆ ಇರೋದಕ್ಕೆ ಯಾರ ಚಾಕು ಬೇಕು? ಇನ್ನು ನಿಮ್ಮ ಗ್ರಹಣ." ಗೋಡೆಯ ಕ್ಯಾಲೆಂಡರ್ ತೆಗೆದು, ಅದರ ಹಿಂದೆಯೇ ತೂಗುತ್ತಿದ್ದ ಹಳೇ ವರ್ಷದ್ದನ್ನೂ ತೆಗೆದು, ಮೇ ಒಂಬತ್ತರಿಂದ ಹಿಂದಕ್ಕೆ ವಾರ ವಾರ ಬೆರಳು ಇಟ್ಟು ಎಣಿಸಿದರು. "ಈ ಹೊಲಿಗೆ ಶುರುವಾಗಿದ್ದು ದೀಪಾವಳಿ ಹೊತ್ತಿಗೆ. ಕಾರ್ತಿಕ ಮುಗಿಯೋ ಹೊತ್ತಿಗೆ ಟೈಲರು ಅಂಗಡಿ ಮುಚ್ಚಿ ಹೋಗಿಯಾಯ್ತು. ಆಮೇಲೆ ಮಾರ್ಗಶಿರ, ಪುಷ್ಯ, ಮಾಘ. ನಿಮ್ಮ ಗ್ರಹಣ ಬಂದದ್ದು ಫೆಬ್ರವರಿ ಹದಿನಾರಕ್ಕೆ. ಮೂರು ತಿಂಗಳ ಹಿಂದೆ ನಿಂತುಹೋದ ಹೊಲಿಗೆಯನ್ನ ಬದನೆಕಾಯಿ ಬಂದು ನಿಲ್ಲಿಸಿತಾ?"

"ಹಂಗಾದ್ರ ಯಾಕ ನಿಂತಿತ್ರಿ?" ಅಂತ ಕೇಳಿದವಳು ನೀಲಗಂಗಮ್ಮ.

"ಅಪ್ಪಣೆ ತಡವಾಗಿ ಬಂದಿರಬಹುದು, ಕಮ್ಮಿ ಬಂದಿರಬಹುದು, ಬಂದರೂ ಚರ್ಮಕ್ಕೆ ಕೇಳಿಸದೆ ಹೋಗಿರಬಹುದು. ಎಷ್ಟೋ ಸಲ ನಮಗೂ ಗೊತ್ತಾಗಲ್ಲಮ್ಮಾ. ಗೊತ್ತಿಲ್ಲ ಅನ್ನೋಕೆ ನನಗೆ ನಾಚಿಕೆ ಇಲ್ಲ. ಇವಳ ತಪ್ಪಲ್ಲ ಅನ್ನೋದು ಮಾತ್ರ ಗೊತ್ತು."

ಮುರಿಗೆಪ್ಪ ತನ್ನ ವಸ್ತ್ರವನ್ನೇ ನೋಡುತ್ತಾ ಕೂತಿದ್ದ. "ನಮ್ಮ ಹುಡಿಗೀದು ಏನೂ ಇಲ್ಲಲ್ರೀ?" ಅಂತ ಕೇಳಿದ. ಡಾಕ್ಟರ್ ಇಲ್ಲ ಅಂದರು. ಅವನು ಇನ್ನೊಮ್ಮೆ ಕೇಳಿದ. ಅವರು ಇನ್ನೊಮ್ಮೆ ಹೇಳಿದರು. ಕಲಾವತಿ ಅಪ್ಪನನ್ನು ನೋಡಲಿಲ್ಲ. ಅವಳು ಮಾವನ ಬಾಯಿಯನ್ನೇ ನೋಡುತ್ತಿದ್ದಳು.

ಆ ಬಾಯಿಂದ ತಪ್ಪಾಯಿತು ಅನ್ನುವುದು ಬರಲಿಲ್ಲ.

"ಕೆಲವು ಮನೆತನಗಳಲ್ಲಿ ಇದು ನಡೆದು ಬರುತ್ತೆ," ಅಂತ ಡಾಕ್ಟರ್ ಒಂದು ಕಾಗದ ಎಳೆದುಕೊಂಡರು. "ಅಪ್ಪ, ಅಜ್ಜ, ಸೋದರಮಾವ. ಒಂದು ತಲೆ ಬಿಟ್ಟೂ ಬರಬಹುದು. ಯಾರಿಗಾದರೂ ಇತ್ತಾ?"

ಹಾಲಸಿದ್ದಪ್ಪನಿಗೆ ದನಿ ಮರಳಿ ಬಂತು. "ನಮ್ಮ ಮನಿತನದಾಗ? ಡಾಕ್ಟ್ರ, ನಮ್ಮ ಮುತ್ತ್ಯಾಗ ಇಪ್ಪತ್ತೊಂದು ಗಂಡಮಕ್ಕಳು! ಸಾಲಾಗಿ ನಿಂತು ಹೊಯ್ದ್ರ ತುಂಗಭದ್ರಾ ಕಾಲುವಿ ನಾಚಬೇಕು! ಹನ್ನೆರಡು ಹಳ್ಳಿ ಜ್ವಾಳಾ ಅದರಾಗs ಬೆಳೀತಿತ್ತು! ಅಂಥಾ ವಂಶ! ಬೇಕಾದ್ರ ಆ ಕಡಿ ಕೇಳ್ರಿ, ಮಾಸ್ತರ ಕಡಿ!"

ಡಾಕ್ಟರ್ ಚಂದುವನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿ ಬಂದರು. ಏನೂ ಇಲ್ಲ ಅಂದರು. ಕಲಾವತಿಗೆ ಅಣ್ಣತಮ್ಮಂದಿರಿಲ್ಲ; ಮುರಿಗೆಪ್ಪ ತಾನಾಗಿಯೇ ಎದ್ದು ಪರದೆಯ ಹಿಂದೆ ಹೋಗಿ, ತಾನಾಗಿಯೇ ತೋರಿಸಿ ಬಂದ. ಅವನಿಗೂ ಇಲ್ಲ.

ಹಾಲಸಿದ್ದಪ್ಪನ ಕಡೆ ಯಾರೂ ನೋಡಲಿಲ್ಲ. ಯಾಕೆ ನೋಡಬೇಕು? ಇಪ್ಪತ್ತೊಂದು ಗಂಡುಮಕ್ಕಳ ವಂಶ.

"ಸರಿ," ಅಂದರು ಡಾಕ್ಟರ್. "ಎರಡು ವರ್ಷ ತುಂಬಲಿ. ಮೊದಲು ಕೆಳಕ್ಕೆ ಬಾಗಿರೋದನ್ನ ಬಿಡಿಸ್ತೀನಿ, ಆಮೇಲೆ ಇನ್ನೊಂದು ಸಲ ಕೊಳವೆ ಹೊಲೀತೀನಿ. ಅಲ್ಲಿಯ ತನಕ ಮೇಲಿನ ಆ ಚರ್ಮವನ್ನ ಯಾರೂ ಕೊಯ್ಯಕೂಡದು. ಹೊಲಿಯೋಕೆ ನನ್ನ ಬಟ್ಟೆ ಅದು. ಸ್ಕೂಲಿಗೆ ಸೇರೋ ಮೊದಲು ಎಲ್ಲ ಮುಗಿದಿರಬೇಕು."

"ಕೊಯ್ಯೂದಾ?" ಹಾಲಸಿದ್ದಪ್ಪ ಕುರ್ಚಿಯಿಂದ ಎದ್ದ. ಈ ಸಲದ ಸಿಟ್ಟು ಬೇರೆ ಥರ ಇತ್ತು. ಗಂಟಲಿನಿಂದ ಅಲ್ಲ, ಎಲ್ಲೋ ಕೆಳಗಿನಿಂದ ಬರುತ್ತಿತ್ತು. "ನನ್ನ ಮೊಮ್ಮಗನ ಮೈಗೆ ಚಾಕು? ಅದೂ ಎರಡೆರಡು ಸಲ? ಯಾತಕ್ಕ? ಏನ ಕಡಿಮಿ ಆಗತೈತಿ ಅವಗ? ಕುಂತು ಮಾಡಿದ್ರ ಯಾರಿಗೂ ಗೊತ್ತಾಗಂಗಿಲ್ಲ! ಎಡಗೈಲೆ ಪಂಚಿ ಮ್ಯಾಲೆ ಹಿಡದು, ಸ್ವಲ್ಪ ಮುಂದ ಬಾಗಿ ಕುಂತ್ರ ಕಾಲಿಗೆ ಒಂದು ಹನಿ ತಾಗಂಗಿಲ್ಲ! ಸಾಲ್ಯಾಗ ಹುಡುಗ್ರು ಗ್ವಾಡಿಗೆ ಸಾಲಾಗಿ ನಿಂತಾಗ ಹೊಟ್ಟಿ ನೋವು ಅಂತ ಹೇಳಿ ಹಿಂದs ಉಳೀಬೇಕು. ಎರಡು ದಿನ ನಗತಾರ, ಮೂರನೇ ದಿನ ಮರೀತಾರ. ಮುಂದ ಶಿವಭಕ್ತ, ಕುಂತs ಮಾಡ್ತಾನ, ಅಂತ ತಾವs ಹೊಗಳ್ತಾರ! ಲಗ್ನಾ ಆಗತೈತಿ. ದೀಪಾ ಆರಿಸಿದ್ರ ಆತು. ಮಕ್ಕಳೂ ಆಗತಾವ! ಯಾತಕ್ಕ ಬೇಕು ಚಾಕು?"

ಡಾಕ್ಟರ್ ಕಾಗದದಿಂದ ತಲೆ ಎತ್ತಿದರು.

"ಮುಂದ ಬಾಗಿ ಕುಂತ್ರ," ಅಂದಳು ಕಲಾವತಿ, ನಿಧಾನವಾಗಿ. "ಅದು ನಿಮಗ ಹೆಂಗ ಗೊತ್ತು ಮಾವಾ?"

"ಗುಂತಕಲ್ಲಿನ್ಯಾಗ ಒಬ್ಬ ದೊಡ್ಡ ಡಾಕ್ಟರು ಇದ್ದ. ಲಂಡನ್ನಿಗೆ ಹೋಗಿ ಬಂದಾಂವ. ಅವಾ ನನಗ..."

"ಏನ್ ಹೆಸರು?" ಅಂತ ಕೇಳಿದರು ಡಾಕ್ಟರ್ ಸೀತಾ.

ಹಾಲಸಿದ್ದಪ್ಪ ಹೆಸರು ಹುಡುಕಿದ. ಸಾವಿರ ಹೆಸರು ಗೊತ್ತಿದ್ದವನಿಗೆ ಒಂದೂ ಸಿಗಲಿಲ್ಲ.

ನೀಲಗಂಗಮ್ಮ ಗಂಡನ ಕಡೆ ತಿರುಗಿದಳು. ಮೂವತ್ತೆರಡು ವರ್ಷ ಈ ಮನುಷ್ಯನ ಜೊತೆ ಬಾಳಿದವಳು.

"ಕುಂತು ಮಾಡೂದು ಭಕ್ತಿ ಅಂತ ತಿಳಕೊಂಡಿದ್ದೆ ನಾ. ನಿಮ್ಮ ಆಫೀಸಿನ ಮಂದಿ ಸಾಮಿಯಾರ್, ದೊಡ್ಡ ಸ್ವಾಮಿ ಅಂತ ಕರದ್ರ ನನಗ ಹೆಮ್ಮಿ ಆಗ್ತಿತ್ತು. ದೀಪಾ ಆರಸೂದು ಮಡಿ ಅಂದ್ರಿ. ಅದನ್ನೂ ನಂಬಿದೆ. ಆವತ್ತು ಬಚ್ಚಲದಾಗ ಕೂಸಿನ್ನ ನೋಡಿ ಸುಮ್ಮನ ಕುಂತ್ರೆಲ್ಲ, ಗಾಬರಿ ಆಗ್ಯಾರ ಪಾಪ ಅಂತ ನಿಮಗೂ ಸೇರಿಸಿ ಅತ್ತೆ ನಾ. ಈ ಹುಡಿಗಿ ಮಾರಿ ನೋಡೂದು ಬಿಟ್ಟೆ!"

"ನೀಲಾ..."

"ಸುಮ್ನಿರ್ರಿ!"

ಹಾಲಸಿದ್ದಪ್ಪ ಕೂತುಕೊಂಡ. ಡಾಕ್ಟರ್ ಕಾಗದದ ಮೇಲೆ ಪೆನ್ನು ಹಿಡಿದು, ಏನೂ ಬರೆಯದೆ, ಅವನ ಕಡೆಯೇ ನೋಡುತ್ತಿದ್ದರು. ಅವರ ಮುಖದಲ್ಲಿದ್ದ ಸಿಟ್ಟು ಪೂರ್ತಿ ಹೋಗಿರಲಿಲ್ಲ.

"ಪರದೆ ಹಿಂದೆ ಬನ್ನಿ ಅಂತ ನಾನು ಬಲವಂತ ಮಾಡಲ್ಲ ಸಾರ್. ಬಾಯಲ್ಲಿ ಹೇಳಿದ್ರೆ ಸಾಕು, ಬರ್ಕೋತೀನಿ."

"ನನಗೂ ಹಂಗs ಐತ್ರಿ," ಅಂದ.

"ಯಾವಾಗ ಗೊತ್ತಾಯ್ತು?"

"ಏಳು ವರ್ಷದಾಂವ ಇದ್ದಾಗ. ಸಾಲಿ ಹಿಂದ, ಗ್ವಾಡಿ ಮುಂದ. ನನ್ನ ಚಡ್ಡಿ ತೊಯ್ಸಿಗೊಂಡೆ. ಐದು ಹುಡುಗ್ರು ನೋಡಿದ್ರು." ಅವನು ಬೆರಳು ಮಡಿಸಿ ಎಣಿಸಿದ. "ಐದs. ಮತ್ತ ಯಾರೂ ಇದ್ದಿದ್ದಿಲ್ಲ. ಆಮ್ಯಾಲೆ ನಾ ಯಾರ ಮುಂದೂ ನಿಲ್ಲಲಿಲ್ಲ. ಯಾವ ಡಾಕ್ಟರಿಗೂ ತೋರಿಸಲಿಲ್ಲ."

"ಅಜ್ಜನಿಗೆ, ಅಪ್ಪನಿಗೆ ಇತ್ತಾ?"

"ಗೊತ್ತಿಲ್ರಿ. ನಮ್ಮಪ್ಪಗ ನಾನೊಬ್ಬನs ಮಗ. ಮುತ್ತ್ಯಾನ್ನ ನಾ ನೋಡೇ ಇಲ್ಲ."

ಡಾಕ್ಟರ್ ಬರೆದುಕೊಂಡರು. ಮಗು ಕಲಾವತಿಯ ತೋಳಿನಲ್ಲಿ ಮಿಸುಕಾಡಿತು. ಅವಳು ಅದನ್ನು ಚಂದುವಿನ ಕೈಗೆ ಕೊಟ್ಟು ಎದ್ದು ಮಾವನ ಎದುರು ನಿಂತಳು. ಹೊಟ್ಟೆಯ ಹೊಲಿಗೆ ಇನ್ನೂ ನೋಯುತ್ತಿತ್ತು, ಒಂದು ಕೈ ಅಲ್ಲೇ ಇತ್ತು.

"ಕೂಸಿನ್ನ ನೋಡಿದ ಕೂಡಲೆ ಗೊತ್ತಾತೋ ಇಲ್ಲೋ ನಿಮಗ?"

"ಗೊತ್ತಾತು."

"ಗೊತ್ತಾಗಿ ನಮ್ಮಪ್ಪಗ ಕಾಗದಾ ಬರದ್ರಿ."

"ಹೌದು."

"ನನಗ ಹೇಳಬ್ಯಾಡ್ರಿ. ಅಲ್ಲಿ ಕುಂತಾನ ನೋಡ್ರಿ, ಅವನ ಮಾರಿ ನೋಡಿ ಹೇಳ್ರಿ."

ಹಾಲಸಿದ್ದಪ್ಪ ತಿರುಗಿದ. ಮುರಿಗೆಪ್ಪ ಗಾಬರಿಯಾಗಿ ಅರ್ಧ ಎದ್ದ, "ಇರ್ಲಿ ಬಿಡ್ರಿ ಬೀಗ್ರ" ಅನ್ನಲು ಬಾಯಿ ತೆರೆದ, ಮಗಳು ನೋಡಿದ ನೋಟಕ್ಕೆ ಮತ್ತೆ ಕೂತ.

"ಮಾಸ್ತರ, ನಿಮ್ಮ ಮಗಳು ಏನೂ ಮಾಡಿಲ್ಲ," ಅಂದ ಹಾಲಸಿದ್ದಪ್ಪ. "ಗ್ರಹಣಾ ಅಂತ ಒದರಿದ್ದು ನಾ. ಒದರದಿದ್ರ ಎಲ್ಲಾರೂ ನನ್ನ ಕಡೆ ನೋಡ್ತಿದ್ರು. ಅದಕ್ಕ ಒದರಿದೆ. ತಪ್ಪು ನಂದು."